ಒಂಬತ್ತು ಅಕ್ಷರ

ಕಂಪ್ಯೂಟರು ಏಳಲಿಲ್ಲ. ಕಪ್ಪು ಪರದೆಯ ಎಡಮೂಲೆಯಲ್ಲಿ ಒಂದು ಬಿಳಿ ಗೆರೆ ಮಿಣುಕುತ್ತ, ಏನೋ ಹೇಳಲು ಬಂದು ಮರೆತವರ ಹಾಗೆ ನಿಂತುಬಿಟ್ಟಿತ್ತು. ಕನ್ನಡಕದ ಅಂಗಡಿಯವರು ಅವನ ಬೆನ್ನ ಹಿಂದೆ ನಿಂತು, 'ನಿನ್ನೆವರೆಗೂ ಚೆನ್ನಾಗೇ ಇತ್ತು' ಎಂದು ಮೂರನೆಯ ಸಲ ಹೇಳಿದರು. ಎಲ್ಲರೂ ಹೇಳುವುದು ಅದನ್ನೇ. ನಿನ್ನೆವರೆಗೂ ಚೆನ್ನಾಗಿಲ್ಲದ ಯಂತ್ರವನ್ನು ಯಾರೂ ಅವನಿಗೆ ತೋರಿಸಿದ್ದಿಲ್ಲ. ಅವನು ಅಂಗಿಯ ಎಡಜೇಬಿಗೆ ಕೈ ಹಾಕಿದ. ಪೆನ್‌ಡ್ರೈವ್ ಬೆರಳಿಗೆ ತಾಗಿದ್ದೇ ಕೈ ತಾನಾಗಿ ಹಿಂದಕ್ಕೆ ಬಂತು. ತಾನಾಗಿ ಏಳಲಾರದ ಯಂತ್ರವನ್ನು ಹೊರಗಿನಿಂದ ಎಬ್ಬಿಸಲು ಬೇಕಾದ್ದೆಲ್ಲ ತುಂಬಿಟ್ಟ ಬೂಟ್ ಡಿಸ್ಕ್ ಅದು. ಮೂರು ತಿಂಗಳಿಂದ ಅವನ ಕೈಯಲ್ಲಿ ಇದೇ. ಹಾಲಿನ ಡೈರಿಯ ಕಂಪ್ಯೂಟರು, ಎರಡು ಶಾಲೆಯವು, ಹಲ್ಲಿನ ಡಾಕ್ಟರದ್ದು, ಎಲ್ಲವೂ ಇದರಿಂದಲೇ ಎದ್ದು ಕೂತವು. ನಿಮ್ಮ ಕೈಗುಣ ಒಳ್ಳೆಯದು ಎಂದು ಜನ ಹೊಗಳಿದ್ದರು. ಎಂಟು ದಿನದಿಂದ ಮಾತ್ರ ಅದನ್ನು ಮುಟ್ಟಿದರೆ ಮೈ ಜುಮ್ಮೆನ್ನುತ್ತಿತ್ತು. ಮನೆಯಲ್ಲಿ ಬಿಟ್ಟು ಬರೋಣವೆಂದರೆ ಅದಕ್ಕೂ ಧೈರ್ಯವಿಲ್ಲ. ಇನ್ನೊಂದು ಇದೆಯೇನೋ ಎಂದು ಚೀಲವನ್ನೆಲ್ಲ ತಡಕಾಡಿದ, ಇಲ್ಲವೆಂದು ಗೊತ್ತಿದ್ದೂ. ಕೊನೆಗೆ ಅದನ್ನೇ ಚುಚ್ಚಿ, ಕೀಲಿಯನ್ನು ಟಪಟಪ ಒತ್ತುತ್ತ ಕೂತ. ಎದ್ದಿತು. 'ಅರೇ, ಬಂತಲ್ಲ!' ಎಂದರು ಅಂಗಡಿಯವರು. ಕೆಲಸ ಮುಗಿಯುವ ತನಕ ಸುಮ್ಮನಿರಲಾರದೆ, ಎದುರು ಗೋಡೆಯ ಅಕ್ಷರದ ಪಟ ತೋರಿಸಿ, 'ಕೊನೇ ಸಾಲು ಓದಿ ನೋಡೋಣ' ಎಂದರು. ಅವನು ಓದಿದ. ಅವರು ನಕ್ಕರು. 'ಐದರಲ್ಲಿ ಮೂರು ತಪ್ಪು. ನಿಮ್ಮದೊಂದೇ ಅಲ್ಲ ಬಿಡಿ. ಕಾಣದೇ ಇದ್ರೆ ಕಾಣಲ್ಲ ಅನ್ನೋರೇ ಇಲ್ಲ ಸ್ವಾಮಿ, ಎಲ್ರೂ ಊಹೆ ಮಾಡಿ ಏನೋ ಒಂದು ಓದಿಬಿಡ್ತಾರೆ.' ಅವನ ಕಿವಿ ಬಿಸಿಯಾಯಿತು. ಈ ಮನುಷ್ಯನಿಗೆ ಏನೂ ಗೊತ್ತಿರಲು ಸಾಧ್ಯವಿಲ್ಲ ಎಂದು ತನಗೆ ತಾನೇ ಎರಡು ಸಲ ಹೇಳಿಕೊಳ್ಳಬೇಕಾಯಿತು.

ಎ, ಎಲ್, ಐ, ಎಸ್, ಎ, ಬಿ, ಇ, ಡಿ, ಎ. ಪೆನ್‌ಡ್ರೈವಿಗೆ ಹನ್ನೊಂದು ಅಕ್ಷರ ಮೀರದಂತೆ ಒಂದು ಹೆಸರಿಡಬಹುದು, ಅದೂ ದೊಡ್ಡ ಇಂಗ್ಲಿಷ್ ಅಕ್ಷರದಲ್ಲಿ. ಇದಕ್ಕೆ ಹೆಸರಿಟ್ಟ ಅವನ ಭಾವ ಒಂಬತ್ತರಲ್ಲೇ ಮುಗಿಸಿದ್ದರು. ಅದು ಅವನ ಕೈಗೆ ಬಂದ ದಿನ, ಮೂರು ತಿಂಗಳ ಹಿಂದೆ, ಅವರ ಗಂಟಲಿನ ಆಪರೇಷನ್, ದನಿಪೆಟ್ಟಿಗೆಯನ್ನೇ ತೆಗೆಯುವಂಥದ್ದು. ಬೆಳಿಗ್ಗೆ ಏಳಕ್ಕೆ ಒಳಗೆ ಕರೆದುಕೊಂಡು ಹೋದರೆಂದು ಅಕ್ಕ ಆಸ್ಪತ್ರೆಯಿಂದ ಫೋನು ಮಾಡಿ, ಅಳುವುದಕ್ಕೆ ಮುಂಚೆ, ಮನೆಯ ಕಂಪ್ಯೂಟರಿನ ವಿಷಯ ಎತ್ತಿದ್ದಳು. 'ಒಂದು ವಾರದಿಂದ ಕಟಕಟ ಅಂತಿತ್ತು ಕಣೋ, ನಿನ್ನೆ ನಿಂತೇ ಹೋಯ್ತು. ಅವರು ಬರೋಷ್ಟರಲ್ಲಿ ಸರಿ ಮಾಡಿಡು. ಇನ್ಮೇಲೆ ಬರೆದೇ ಹೇಳ್ಬೇಕಲ್ಲ, ಅದಾದ್ರೂ ಇರ್ಲಿ.' ಪಕ್ಕದ ಮನೆಯಿಂದ ಬೀಗದಕೈ ತೆಗೆದುಕೊಂಡು ಅವನೊಬ್ಬನೇ ಒಳಗೆ ಹೋದ. ಆ ಮನೆ ಅಷ್ಟು ಸದ್ದಿಲ್ಲದೆ ಇದ್ದದ್ದನ್ನು ಅವನು ನೋಡಿದ್ದೇ ಇಲ್ಲ. ಹಳೆಯ ಡಿಸ್ಕು ಏನೂ ಉಳಿಯದಂತೆ ಕೆಟ್ಟು ಕೂತಿತ್ತು, ಹೊಸದನ್ನು ಹಾಕಿದ. ಆಮೇಲೆ ನೋಡಿದರೆ ತನ್ನ ಬೂಟ್ ಡಿಸ್ಕು ಇಲ್ಲ. ಹಿಂದಿನ ದಿನ ಯಾವುದೋ ಆಫೀಸಿನ ಕಂಪ್ಯೂಟರಿನಲ್ಲೇ ಸಿಕ್ಕಿಸಿ ಬಂದಿದ್ದ. ಬಿಸಿಲಲ್ಲಿ ಅಷ್ಟು ದೂರ ಹೋಗಿ ಬರಲು ಸೋಮಾರಿತನ. ಭಾವನ ಮೇಜಿನ ಡ್ರಾಯರ್ ಎಳೆದ. ರಬ್ಬರ್ ಬ್ಯಾಂಡು, ಮಾತ್ರೆಯ ಖಾಲಿ ಪಟ್ಟಿ, ಅದರಡಿ ಒಂದು ಕಪ್ಪು ಪೆನ್‌ಡ್ರೈವ್. ತನ್ನ ಲ್ಯಾಪ್‌ಟಾಪಿಗೆ ಚುಚ್ಚಿದ. ಆ ಹೆಸರು ಬಂತು. ಓದಿದ. ಅದನ್ನೇ ಬೂಟ್ ಡಿಸ್ಕ್ ಮಾಡಹೊರಟಾಗ, ಇದರಲ್ಲಿರುವುದೆಲ್ಲ ನಾಶವಾಗುತ್ತದೆ, ಮುಂದುವರಿಯಬೇಕೇ ಎಂದು ಕೇಳಿತು. ಹತ್ತು ಸಾವಿರ ಸಲ ನೋಡಿದ ಪ್ರಶ್ನೆ. ಹೌದು ಎಂದು ಒತ್ತಿ, ನೀರು ಕುಡಿಯಲು ಅಡುಗೆಮನೆಗೆ ಹೋದ.

ಆಲಿಸಬೇಡ ಎಂದು ಓದಿಕೊಂಡೆ. ಯಾರಾದರೂ ಕೇಳಿದರೆ ಹೇಳಲು ಅವನು ಸಿದ್ಧ ಮಾಡಿಟ್ಟುಕೊಂಡ ಮಾತು ಇದು. ಆಲಿಸಬೇಡ, ಅಂದರೆ ಹಾಡುಗಳಿರಬೇಕು, ಭಾವನ ತಮಾಷೆ ಇರಬೇಕು, ಹಾಡು ಎಲ್ಲಿ ಬೇಕಾದರೂ ಸಿಗುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಲ ಮತ್ತು ಳ ಎರಡೂ ಒಂದೇ, ಅ ಮತ್ತು ಆ ಎರಡೂ ಒಂದೇ. ಯಾರಿಗೆ ತಾನೇ ಗೊತ್ತಾಗುತ್ತದೆ? ಬಚ್ಚಲಲ್ಲಿ, ರಸ್ತೆಯಲ್ಲಿ, ಗಿರಾಕಿಗಳ ಮುಂದೆ ಸ್ಕ್ರೂ ಬಿಚ್ಚುತ್ತ, ಅವನು ಈ ವಾದವನ್ನು ಎಷ್ಟು ಸಲ ಉರು ಹಚ್ಚಿದ್ದನೆಂದರೆ ಈಗ ಅದು ನಡೆದದ್ದೇ ಹಾಗೆ ಎಂಬಷ್ಟು ನುಣುಪಾಗಿತ್ತು. ಒಂದೇ ಒಂದು ಕಡೆ ಮುಳ್ಳು. ಭಾವ ತಮ್ಮ ಜೀವಮಾನದಲ್ಲಿ ಆಲಿಸು ಎಂಬ ಮಾತು ಆಡಿದವರಲ್ಲ. ಕೇಳು ಎನ್ನುವವರು, ಅದೂ, 'ಕೇಳೋ ಇಲ್ಲಿ' ಎನ್ನುವವರು.

ಡ್ರೈವಿಂಗ್ ಸ್ಕೂಲಿನಲ್ಲಿ ಇಪ್ಪತ್ತು ವರ್ಷ ಜನರಿಗೆ ಕಾರು ಕಲಿಸಿದ ದನಿ ಅದು. ಮನೆಯೊಳಗೂ ಎಂಜಿನ್ ಸದ್ದಿನ ಮೇಲೆ ಕೂಗುವವರ ಹಾಗೆಯೇ ಮಾತು. ಬಾಯಿಗೆ ಸಾಲದ್ದನ್ನು ಚೀಟಿಯಲ್ಲಿ ಬರೆದು ಅಂಟಿಸುತ್ತಿದ್ದರು. ಫ್ಯೂಸ್ ಪೆಟ್ಟಿಗೆಯ ಮೇಲೆ ಮುಟ್ಟಬೇಡ, ಕಿಟಕಿಯ ಮೇಲೆ ತೆಗೆಯಬೇಡ, ತಮ್ಮ ಬಾಚಣಿಗೆಯ ಮೇಲೆ ಕೂಡ ಒಂದು ಬೇಡ. ಯಾರನ್ನೂ ಹೆಸರಿಟ್ಟು ಹೇಳಿರದಿದ್ದರೂ, ಆ ಚೀಟಿಗಳೆಲ್ಲ ತನಗೇ ಬರೆದವು ಎಂದು ಅವನಿಗೆ ಅನಿಸುತ್ತಿತ್ತು. ಅವನನ್ನು ಅವರು ಕರೆಯುತ್ತಿದ್ದದ್ದು ಡಾಕ್ಟರ್ ಎಂದು. 'ಬಂದ್ರು ನೋಡೇ ನಮ್ಮ ಡಾಕ್ಟರು! ಇವತ್ತು ಎಷ್ಟು ಪೇಷಂಟು ಉಳೀತು, ಎಷ್ಟು ಹೋಯ್ತು?' ಊಟಕ್ಕೆ ಕೂತಾಗ, ಯಾರಾದರೂ ಹೊಸಬರಿದ್ದರಂತೂ, ನಾಲ್ಕುರಸ್ತೆಯ ಕಥೆ ಬಂದೇ ಬರುತ್ತಿತ್ತು. ಮೂವತ್ತು ದಾಟಿದ ಮೇಲೆ ಅವನು ಕಾರು ಕಲಿಯಲು ಹೋದದ್ದು, ನಾಲ್ಕುರಸ್ತೆಯ ನಟ್ಟನಡುವೆ ಬಂಡಿ ನಿಂತದ್ದು, ನಾಲ್ಕೂ ಕಡೆಯಿಂದ ಹಾರನ್ ಹೊಡೆಯುತ್ತಿರುವಾಗ ಭಾವ ಇಳಿದು, ಬಾಗಿಲು ತೆರೆದು, ಎಲ್ಲರಿಗೂ ಕೇಳುವಂತೆ, 'ಇಳಿಯಪ್ಪಾ ದೊರೆ, ನಿನ್ನಿಂದ ಆಗೋ ಕೆಲಸ ಅಲ್ಲ ಇದು' ಎಂದದ್ದು. ಅವನು ಇಳಿದಿದ್ದ. ಆವತ್ತಿನಿಂದ ಸ್ಟಿಯರಿಂಗ್ ಮುಟ್ಟಿಲ್ಲ, ಎಲ್ಲಿಗಿದ್ದರೂ ನಡಿಗೆಯೇ. ಪ್ರತಿಸಲವೂ ಕಥೆ ಮುಗಿಯುವಾಗ ಅವನು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ, ತಟ್ಟೆ ನೋಡುತ್ತ. ಆ ದನಿ ಒಂದು ದಿನ ನಿಂತರೆ ಎಷ್ಟು ಚೆನ್ನ ಎಂದು ಅನಿಸಿದ್ದು ನಿಜ. ಆದರೆ ಅನಿಸುವುದು ಬೇರೆ. ಗಡ್ಡೆ ಎಂದು ತಿಳಿದ ದಿನ ಅವನು ಅಕ್ಕನಿಗಿಂತ ಹೆಚ್ಚು ಅತ್ತಿದ್ದ. ಯಾತಕ್ಕೆ ಅತ್ತೆ ಎಂದು ಕೇಳಿಕೊಳ್ಳುವ ಧೈರ್ಯ ಮಾತ್ರ ಬರಲಿಲ್ಲ.

ಎಂಟು ದಿನದ ಹಿಂದೆ ಅಕ್ಕ ಫೋನು ಮಾಡಿದಾಗ ಅವಳ ದನಿಯಲ್ಲಿ ಎಷ್ಟೋ ತಿಂಗಳ ಮೇಲೆ ಗೆಲುವಿತ್ತು. ಡಾಕ್ಟರು, ಅಂದರೆ ನಿಜವಾದ ಡಾಕ್ಟರು, ಹೇಳಿದರಂತೆ: ಸ್ವಂತ ದನಿಯಲ್ಲಿ ಮೊದಲೇ ರೆಕಾರ್ಡ್ ಮಾಡಿ ತುಂಬಿಸಿಟ್ಟದ್ದು ಒಂದಷ್ಟು ಗಂಟೆ ಇದ್ದರೆ ಸಾಕು, ಇವರು ಬರೆದದ್ದನ್ನು ಇವರದೇ ದನಿಯಲ್ಲಿ ಹೇಳುವ ಯಂತ್ರ ಮಾಡಿಕೊಡುತ್ತಾರೆ. 'ಆಪರೇಷನ್‌ಗೆ ಮುಂಚೆ ಒಂದು ವಾರ ಕೂತು ತುಂಬಿಸಿದ್ರಲ್ಲೋ, ಗೊತ್ತಿಲ್ವಾ ನಿನಗೆ? ನಿನಗೆ ಹೇಳ್ಬೇಡ ಅಂದಿದ್ರು, ತಮಾಷೆ ಮಾಡ್ತಾನೆ ಅಂತ. ಕಂಪ್ಯೂಟರು ಕಟಕಟ ಅಂತಿತ್ತಲ್ಲ, ಅದಕ್ಕೆ ಪೆನ್‌ಡ್ರೈವಿಗೆ ಹಾಕಿಟ್ರಂತೆ. ಅದೀಗ ಸಿಗ್ತಿಲ್ಲ ನೋಡು. ಡ್ರಾಯರಲ್ಲೇ ಇಟ್ಟಿದ್ದೆ ಅಂತ ಬರೀತಾರೆ. ಫೋನಲ್ಲಿ ಇರೋ ನಾಲ್ಕು ವೀಡಿಯೋದಲ್ಲಿ ಗಾಳಿ ಸದ್ದು ಬಿಟ್ರೆ ಏನಿಲ್ಲ. ಮುಂದಿನ ಭಾನುವಾರ ಬಾರೋ, ಹುಡುಕೋಣ. ಅಂಥ ವಸ್ತು ನಿನ್ನ ಕಣ್ಣಿಗೆ ಬೇಗ ಬೀಳುತ್ತೆ.' ಅವನು ಹೂಂ ಎಂದ. ಹೂಂ ಎಂದು ಮುಗಿಸಿದ ಮೇಲೆ, ಫೋನು ಹಿಡಿದ ಕೈ ತನ್ನಷ್ಟಕ್ಕೆ ಎಡಜೇಬಿನ ಮೇಲೆ ಬಂದು ಕೂತಿತ್ತು. ಅಳಿಸಿದ್ದನ್ನು ಮರಳಿ ತೆಗೆಯುವ ಉಪಾಯಗಳು ಅವನಿಗೆ ಗೊತ್ತು. ಗಿರಾಕಿಗಳ ಮದುವೆಯ ಫೋಟೋ, ಪರೀಕ್ಷೆಯ ಪ್ರಬಂಧ ಎಷ್ಟು ತೆಗೆದುಕೊಟ್ಟಿಲ್ಲ! ಆದರೆ ಮೂರು ತಿಂಗಳಲ್ಲಿ ಇದರ ಮೇಲೆ ಅವನೇ ಆರು ಸಲ ಹೊಸದಾಗಿ ಬರೆದಿದ್ದ. ಒಂದು ಇಡೀ ದಿನ ತನ್ನ ಅಂಗಡಿಯ ಬಾಗಿಲು ಹಾಕಿಕೊಂಡು ಕೆದಕಿದ. ಬಂದದ್ದೆಲ್ಲ ಬರಿಯ ಕರಕರ, ಮರಳು ಸುರಿದ ಹಾಗೆ. ಅದರ ನಡುವೆ ಒಂದೇ ಒಂದು ತುಣುಕು, ನಾಲ್ಕು ಸೆಕೆಂಡು: ಕೆಮ್ಮು, ಕುರ್ಚಿ ಎಳೆದ ಸದ್ದು, ಆಮೇಲೆ ಭಾವನ ದನಿ. 'ಆಯ್ತಾ? ಶುರುವಾಯ್ತಾ?' ಅಷ್ಟೇ. ಅವನು ಅದನ್ನು ಫೋನಿಗೆ ಹಾಕಿಕೊಂಡ. ಮತ್ತೆ ಹಾಕಿ ಕೇಳಲಿಲ್ಲ. ಗಿರಾಕಿಗಳು ದಿನಾ ಬೆನ್ನ ಹಿಂದೆ ನಿಂತು ಕೇಳುವುದೂ ಅದನ್ನೇ, ಶುರುವಾಯ್ತಾ.

ಇವತ್ತು ಆ ಭಾನುವಾರ. ಕನ್ನಡಕದ ಅಂಗಡಿಯಿಂದ ಅಕ್ಕನ ಮನೆಗೆ ಇಪ್ಪತ್ತು ನಿಮಿಷದ ದಾರಿ. ಅವನು ಮುಕ್ಕಾಲು ಗಂಟೆ ಮಾಡಿದ. ಸೇತುವೆಯ ಮೇಲೆ ನಿಂತು ಕೆಳಗಿನ ಕೊಳಕು ನೀರನ್ನು ನೋಡಿದ. ಎಸೆದುಬಿಟ್ಟರೆ ಆಯಿತು, ಕಳೆದುಹೋಯಿತು ಎಂದರೆ ಯಾರದೂ ತಪ್ಪಲ್ಲ. ಭಾವನೇ ಎಲ್ಲೋ ಇಟ್ಟು ಮರೆತರು ಎಂದಾಗುತ್ತದೆ, ಕಾಯಿಲೆಯ ಮನುಷ್ಯ, ಯಾರೂ ಏನೂ ಅನ್ನುವುದಿಲ್ಲ. ಕೈ ಜೇಬಿನವರೆಗೆ ಹೋಯಿತು. ಹಿಂದೆ ಒಂದು ಸೈಕಲ್ಲು ಗಂಟೆ ಬಾರಿಸಿತು. ಪಕ್ಕಕ್ಕೆ ಸರಿದ, ಸರಿದವನು ಹಾಗೇ ನಡೆದುಬಿಟ್ಟ. ತಾನು ಒಳ್ಳೆಯವನೆಂದು ಎಸೆಯದೆ ಬಂದದ್ದಲ್ಲ, ಅಷ್ಟು ದೊಡ್ಡ ಕೆಲಸ ತನ್ನ ಕೈಲಾಗದು, ಅದಕ್ಕೇ ಎಂದು ಅವನಿಗೆ ಗೊತ್ತಿತ್ತು.

ಬಾಗಿಲಲ್ಲೇ ಅಕ್ಕ, 'ಎಷ್ಟೊತ್ತೋ! ನಿನ್ನ ದಾರಿ ನೋಡಿ ನೋಡಿ ಅರ್ಧ ಮನೆ ನಾನೇ ಕಿತ್ತು ಹಾಕಿದೆ' ಎಂದಳು. ನಿಜ, ಹಾಸಿಗೆ ಮಗುಚಿ ಬಿದ್ದಿತ್ತು, ಕಪಾಟಿನ ಬಟ್ಟೆಯೆಲ್ಲ ನೆಲದ ಮೇಲೆ. ಭಾವ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದರು, ಉಸಿರಿಗೆಂದು ಕತ್ತಿನಲ್ಲಿ ಮಾಡಿದ ತೂತಿನ ಮೇಲೆ ತೆಳು ಬಟ್ಟೆ, ತೊಡೆಯ ಮೇಲೆ ಚಿಕ್ಕ ಬಿಳಿ ಹಲಗೆ, ನೀಲಿ ಮಾರ್ಕರು, ಒರೆಸಲು ಹಳೆಯ ಬನಿಯನ್ನಿನ ತುಂಡು. ಬಳಪದ ಪುಡಿ ಆಗದು ಎಂದು ಆಸ್ಪತ್ರೆಯವರು ಹೇಳಿದ್ದರಂತೆ. ಅವನನ್ನು ನೋಡಿ ಬರೆದು ತೋರಿಸಿದರು: ಬಂದ್ರು ಡಾಕ್ಟರು. ಬರೆದದ್ದಕ್ಕೆ ದನಿ ಇರಲಿಲ್ಲ. ಅದನ್ನು ಓದುವುದು ಅವನಿಗೆ ಹಿಂದೆ ಕೇಳುವುದಕ್ಕಿಂತ ಕಷ್ಟವಾಯಿತು. ಅವನು ಹಲ್ಲು ಕಿರಿದು ಹುಡುಕಲು ಶುರು ಮಾಡಿದ. ಮಂಚದ ಕೆಳಗೆ ಮೊಣಕಾಲೂರಿ, ಪುಸ್ತಕಗಳ ಹಿಂದೆ ಕೈ ತೂರಿಸಿ, ಷೂಗಳನ್ನು ತಲೆಕೆಳಗು ಮಾಡಿ ಕೊಡವಿ, ಇಲ್ಲವೆಂದು ಗೊತ್ತಿರುವ ಕಡೆಯಲ್ಲೆಲ್ಲ ಹುಡುಕಿದ. ಬಗ್ಗಿದಾಗ ಎಡಗೈಯಿಂದ ಜೇಬನ್ನು ಒತ್ತಿ ಹಿಡಿಯುತ್ತ, ಎದ್ದಾಗ ಬಿಡುತ್ತ. ಕಣ್ಣಿಗೆ ಧೂಳು ಬಿತ್ತು. ಧೂಳು ಬಿದ್ದದ್ದು ಒಳ್ಳೆಯದೇ ಆಯಿತು ಎನಿಸಿತು. ಪಕ್ಕದಲ್ಲಿ ಅಕ್ಕ ಮಾತಾಡುತ್ತಲೇ ಇದ್ದಳು. 'ರೆಕಾರ್ಡ್ ಮಾಡುವಾಗ ಕೆಂಪು ಗುಂಡಿ ಒತ್ತೋದು ನನ್ನ ಕೆಲಸ. ಇವರಿಗೆ ಒಂದೊಂದು ಸಲವೂ ಅನುಮಾನ, ಆಯ್ತಾ, ಶುರುವಾಯ್ತಾ ಅಂತ. ಹೂಂ, ಶುರುವಾಯ್ತು, ಮಾತಾಡಿ ಅನ್ನೋದು, ಬಾಗಿಲು ಹಾಕ್ಕೊಂಡು ಬರೋದು. ಒಳಗೆ ಪೇಪರ್ ಓದೋರು, ಒಂದರಿಂದ ನೂರರವರೆಗೆ ಎಣಿಸೋರು. ಬಾಗಿಲ ಸಂದಿಯಲ್ಲಿ ಕಿವಿಯಿಟ್ಟೆ ಒಂದಿನ. ನನ್ನ ಹೆಸರು ಕರೀತಿದ್ರು ಕಣೋ. ಸಿಟ್ಟು ಬಂದಾಗ ಕರೆಯೋ ಹಾಗೆ ಒಂದು ಸಲ, ಹಸಿವಾದಾಗಿನ ಹಾಗೆ ಒಂದು ಸಲ. ಹೇಗೆ ಹೇಗೆ ಕರೀತಾರೋ ಅಷ್ಟೂ.' ಅವಳು ಅಲ್ಲಿಗೆ ನಿಲ್ಲಿಸಿ, ಕೈಯಲ್ಲಿದ್ದ ಬಟ್ಟೆಯನ್ನು ಸುಮ್ಮನೆ ಮಡಿಸಿದಳು, ಬಿಚ್ಚಿದಳು. 'ಟೀ ಇಡ್ತೀನಿ' ಎಂದು ಅಡುಗೆಮನೆಗೆ ಹೋದಳು.

ಟಕ್, ಟಕ್ ಎಂದು ಸದ್ದಾಯಿತು. ಭಾವ ಮಾರ್ಕರಿನಿಂದ ಕುರ್ಚಿಯ ಕೈ ಕುಟ್ಟುತ್ತಿದ್ದರು. ಅವನು ನೋಡಿದ. ಅವರು ಮಾರ್ಕರನ್ನು ಎತ್ತಿ ಅವನ ಎಡಜೇಬಿನ ಕಡೆ ಹಿಡಿದರು. ಕಾರಿನಲ್ಲಿ ಕೂತಾಗಲೂ ಅವರು ರಸ್ತೆ ನೋಡುತ್ತಿರಲಿಲ್ಲ, ಕಲಿಯುವವರ ಕೈಕಾಲು ನೋಡುತ್ತಿದ್ದರು. ಅದು ಅವನಿಗೆ ಈಗ ನೆನಪಾಯಿತು, ನೆನಪಾಗಿ ಪ್ರಯೋಜನವಿರಲಿಲ್ಲ. ಮೊಣಕಾಲಿನ ಮೇಲೆ ಇದ್ದ ಹಾಗೆಯೇ ಕುರ್ಚಿಯ ಹತ್ತಿರ ಸರಿದು ಪೆನ್‌ಡ್ರೈವನ್ನು ತೆಗೆದು ಅವರ ಅಂಗೈಯಲ್ಲಿಟ್ಟ. 'ಇದರಲ್ಲಿ ಏನೂ ಇಲ್ಲ ಭಾವ' ಎಂದ ಪಿಸುದನಿಯಲ್ಲಿ. 'ಆವತ್ತು ಬೂಟ್ ಡಿಸ್ಕ್ ಇರ್ಲಿಲ್ಲ, ಇದನ್ನೇ ಮಾಡ್ಕೊಂಡ್ಬಿಟ್ಟೆ. ಹೆಸರು ಇಂಗ್ಲಿಷಲ್ಲಿತ್ತು, ನಾನು ಆಲಿಸಬೇಡ ಅಂತ ಓದ್ಕೊಂಡೆ, ಹಾಡು ಅಂದ್ಕೊಂಡೆ.' ಉರು ಹಚ್ಚಿದ್ದೆಲ್ಲ ತಡವರಿಸದೆ ಬಂತು. ಭಾವ ಅದನ್ನು ಬೆರಳಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಅವರ ಮುಖ ಕೆಂಪಾಯಿತು, ಬಾಯಿ ತೆರೆಯಿತು, ಕತ್ತಿನ ಬಟ್ಟೆ ಒಂದು ಸಲ ಹೊರಗೆ ಉಬ್ಬಿ ಒಳಗೆ ಹೋಯಿತು. ಬಂದದ್ದು ಗಾಳಿ ಮಾತ್ರ. ಬೈಗುಳ ಇಷ್ಟು ಹತ್ತಿರದಲ್ಲಿ ಹುಟ್ಟಿ ಕೇಳಿಸದೆ ಹೋದದ್ದನ್ನು ಅವನು ನೋಡಿದ. ಆಮೇಲೆ ಅವರು ಹಲಗೆ ಎತ್ತಿಕೊಂಡು, ಈಗ ಕನ್ನಡದಲ್ಲಿ, ದೊಡ್ಡದಾಗಿ ಬರೆದರು: ಅಳಿಸಬೇಡ.

'ಅಳಿಸಿಬಿಟ್ಟೆ ಭಾವ, ಅದನ್ನೇ ಹೇಳ್ತಿರೋದು' ಎಂದ ಅವನು, ಅಳು ಬಂದು. ಭಾವ ದಡ್ಡ ಶಿಷ್ಯನನ್ನು ನೋಡುವ ಹಾಗೆ ತಲೆ ಅಲ್ಲಾಡಿಸಿದರು. ಮಾರ್ಕರಿನಿಂದ ಅಡುಗೆಮನೆಯ ಕಡೆ ತೋರಿಸಿ, ಆ ಪದದ ಹಿಂದೆ ಇಕ್ಕಟ್ಟಾಗಿ ಉಳಿದಿದ್ದ ಜಾಗದಲ್ಲಿ ಇನ್ನೊಂದು ಪದ ತುರುಕಿದರು. ಅವಳನ್ನ. ಅವನು ಎರಡನ್ನೂ ಸೇರಿಸಿ ಓದಿದ. ಅಡುಗೆಮನೆಯಲ್ಲಿ ಲೋಟ ಜೋಡಿಸುವ ಸದ್ದಾಗುತ್ತಿತ್ತು. ಭಾವ ಪೆನ್‌ಡ್ರೈವನ್ನು ತಮ್ಮ ಜೇಬಿಗೆ ಹಾಕಿಕೊಂಡು, ಬನಿಯನ್ ತುಂಡಿನಿಂದ ಹಲಗೆಯನ್ನು ಚೊಕ್ಕವಾಗಿ ಒರೆಸಿ, ಅಕ್ಕ ಟೀ ತರುವಷ್ಟರಲ್ಲಿ ಬೇರೆ ಬರೆದು ಹಿಡಿದಿದ್ದರು. ಹುಡುಕಬೇಡಿ. ನಾನೇ ಅಳಿಸಿದೆ. ಚೆನ್ನಾಗಿ ಬಂದಿರಲಿಲ್ಲ.

ಅಕ್ಕ ಓದಿದಳು. ಟೀಯನ್ನು ಕೆಳಗಿಟ್ಟು ಮತ್ತೆ ಓದಿದಳು. 'ಚೆನ್ನಾಗಿ ಬಂದಿರ್ಲಿಲ್ವಾ?' ಎಂದಳು. 'ಯಾರಿಗೆ ಚೆನ್ನಾಗಿ ಬರ್ಬೇಕಿತ್ತು? ನನ್ನನ್ನ ಒಂದು ಮಾತು ಕೇಳಿದ್ರಾ? ಎಂಟು ದಿನದಿಂದ ನಾನು ನಾಯಿ ಹಾಗೆ ಮನೆಯೆಲ್ಲ ಮೂಸ್ತಾ ಇದೀನಿ, ಕೂತ್ಕೊಂಡು ನೋಡ್ತಿದ್ರಾ ನೀವು? ಇಷ್ಟು ವರ್ಷ ಈ ಮನೇಲಿ ಒಂದೇ ಬಾಯಿ. ನಿಮ್ಮದೇ ಬೇಕು, ನಿಮ್ಮದೇ ಬೇಡ. ಕೊನೇಗೆ ಉಳಿದಿದ್ದನ್ನೂ ನಿಮ್ಮಿಷ್ಟದ ಹಾಗೇ ಮಾಡಿದ್ರಿ. ಹೇಳಿ ಈಗ. ಹೇಳ್ರೀ!' ಹೇಳಿ ಎಂದದ್ದು ಅವಳಿಗೇ ತಾಗಿ, ಬಾಯಿಗೆ ಕೈ ಅಡ್ಡ ಹಿಡಿದು ಅಲ್ಲೇ ಬಟ್ಟೆಯ ರಾಶಿಯ ಮೇಲೆ ಕೂತಳು. ಭಾವ ಮಾರ್ಕರನ್ನು ಮುಚ್ಚಳದೊಳಗೆ ತೂರಿಸಲು ನೋಡುತ್ತಿದ್ದರು. ಅದು ಸರಿಯಾಗಿ ಕೂರುತ್ತಿರಲಿಲ್ಲ. ಅವರು ತಲೆ ತಗ್ಗಿಸಿ, ತಟ್ಟೆ ನೋಡುವ ಹಾಗೆ, ಹಲಗೆ ನೋಡಿದರು. ಆ ಭಂಗಿ ಅವನಿಗೆ ಚೆನ್ನಾಗಿ ಗೊತ್ತಿತ್ತು. ಎಷ್ಟೋ ವರ್ಷ ಅವನು ಕೂತದ್ದು ಹಾಗೆಯೇ. ಹೀಗೊಂದು ದಿನ ಬರಲಿ ಎಂದು ಆಸೆಪಟ್ಟಿದ್ದ, ಬಂದಿತ್ತು, ಸ್ವಲ್ಪವೂ ಸುಖವಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು. ಭಾವನೇ ಹಾಗೆ ಬರೆದಿದ್ದರು, ಅಳಿಸಬೇಡ ಎಂದು. ಅವರ ಆಜ್ಞೆಯನ್ನು ಒಂದು ಸಲವಾದರೂ ಪಾಲಿಸಿದಂತಾಗುತ್ತಿತ್ತು. ಅಕ್ಕ ಮುಖ ಎತ್ತಿ ಅವನ ಕಡೆ ತಿರುಗಿ, 'ನೀನಾದ್ರೂ ಇವರಿಗೆ ಹೇಳ್ಬಾರ್ದಿತ್ತೇನೋ, ಹೀಗೆ ಅಳಿಸ್ಬೇಡಿ ಅಂತ' ಎಂದಳು.

'ಅವರಲ್ಲ ಅಕ್ಕ' ಎಂದ. ಭಾವ ಟಕ್ ಎಂದು ಕುರ್ಚಿ ಕುಟ್ಟಿದರು. 'ನಾನು. ಆಪರೇಷನ್ ದಿನ, ಕಂಪ್ಯೂಟರ್ ರಿಪೇರಿಗೆ ಅಂತ ಡ್ರಾಯರಿಂದ ತೆಗೆದು ನಾನೇ ಅಳಿಸಿದ್ದು.' ಭಾವ ಮತ್ತೆ ಕುಟ್ಟಿದರು, ಮತ್ತೆ. ಆಲಿಸಬೇಡ ಎಂಬ ಮಾತು ಅವನ ನಾಲಿಗೆಯ ತುದಿಯಲ್ಲೇ ಸಿದ್ಧವಾಗಿ, ನುಣುಪಾಗಿ ಕೂತಿತ್ತು. ಖಾಲಿ ಮನೆ ನೆನಪಾಯಿತು, ಆ ಒಂಬತ್ತು ಅಕ್ಷರ, ಇಲ್ಲೂ ಒಂದು ಬೇಡ ಅಂಟಿಸಿದ್ದಾರಲ್ಲ ಎಂದು ಉಕ್ಕಿದ ಚಿಕ್ಕ ಸಿಟ್ಟು, ಬೆರಳಿಗೆ ಬಂದ ಚಿಕ್ಕ ಖುಷಿ. ಒಳಗೇನಿದೆ ಎಂದು ಗೊತ್ತಿರಲಿಲ್ಲ. ಅಷ್ಟು ಮಾತ್ರ ನಿಜ. 'ಅದಕ್ಕೆ ಹೆಸರಿಟ್ಟಿದ್ರು, ಅಳಿಸಬೇಡ ಅಂತ' ಎಂದ. 'ನಾನು ಸರಿಯಾಗೇ ಓದಿದ್ದೆ.'

ಕುಟ್ಟುವುದು ನಿಂತಿತು. ಭಾವ ಅವನನ್ನು ನೋಡುತ್ತಿದ್ದಾರೆಂದು ನೋಡದೆಯೇ ತಿಳಿಯಿತು. ಅಕ್ಕ ಬೈಯಲಿಲ್ಲ. ಅವಳು ಬೈದಿದ್ದರೆ ಅವನು ಎದ್ದು ಹೋಗಬಹುದಿತ್ತು. ಅಂಗಡಿಗೆ ಬರುವ ಗಿರಾಕಿಗಳು ಕೇಳುವ ಹಾಗೆಯೇ, ತೀರಾ ಮೆಲ್ಲಗೆ ಕೇಳಿದಳು: 'ಏನೂ ಉಳಿದಿಲ್ವಾ?'

ಅವನು ಫೋನು ತೆಗೆದು, ಆ ತುಣುಕನ್ನು ಹುಡುಕಿ, ಬಟ್ಟೆಯ ರಾಶಿಯ ಮೇಲೆ ಇಬ್ಬರ ನಡುವೆ ಇಟ್ಟು ಒತ್ತಿದ. ಕೆಮ್ಮು. ಕುರ್ಚಿ ಎಳೆದ ಸದ್ದು. ಆಮೇಲೆ ಇಡೀ ಕೋಣೆ ತುಂಬುವ ಆ ದನಿ, 'ಆಯ್ತಾ? ಶುರುವಾಯ್ತಾ?' ಎಂದಿತು.

'ಹೂಂ, ಶುರುವಾಯ್ತು' ಎಂದಳು ಅಕ್ಕ, ಕೆನ್ನೆ ಒರೆಸಿಕೊಳ್ಳುತ್ತ. 'ಮಾತಾಡಿ.'

ಫೋನು ಅಷ್ಟಕ್ಕೇ ನಿಂತಿತ್ತು.